ಉಪವಾಸವಿದ್ದರೂ ಶುಗರ್ ಏರುವುದೇಕೆ? ಮೇದೋಜೀರಕ ಗ್ರಂಥಿ ಮತ್ತು ಯಕೃತ್ತಿನ ನಡುವಿನ ಮಾತುಕತೆ

ರಾತ್ರಿ ಎಂಟಕ್ಕೆ ಊಟ ಮುಗಿಸಿದವರು ಬೆಳಗ್ಗೆ ಏಳಕ್ಕೆ ಹೋಗಿ ರಕ್ತ ಕೊಡುತ್ತಾರೆ. ನಡುವೆ ನೀರು ಬಿಟ್ಟರೆ ಬಾಯಿಗೆ ಏನೂ ಹಾಕಿರುವುದಿಲ್ಲ. ಆದರೂ ವರದಿಯಲ್ಲಿ 160 ಎಂದು ಬಂದಿರುತ್ತದೆ. ಹನ್ನೊಂದು ಗಂಟೆ ಹೊಟ್ಟೆ ಖಾಲಿ ಇದ್ದಮೇಲೂ ಈ ಸಕ್ಕರೆ ಎಲ್ಲಿಂದ ಬಂತು? ಹಿಂದಿನ ರಾತ್ರಿಯ ಊಟವನ್ನು ದೂರುವುದು ಸುಲಭ. ಆದರೆ ಆ ಊಟ ಅರಗಿ, ರಕ್ತ ಸೇರಿ, ಅಲ್ಲಿಂದ ಜಾಗ ಖಾಲಿ ಮಾಡಿ ಗಂಟೆಗಳೇ ಕಳೆದಿವೆ. ಬೆಳಗಿನ ಸಕ್ಕರೆಯ ಹೆಚ್ಚಿನ ಪಾಲು ಬಂದಿರುವುದು ಯಕೃತ್ತಿನಿಂದ.

ಇನ್ಸುಲಿನ್ ಎಂಬ ಬೀಗದ ಕೈ ಜೀವಕೋಶದ ಬಾಗಿಲು ತೆರೆಯುತ್ತದೆ, ಸಕ್ಕರೆ ಒಳಗೆ ಹೋಗುತ್ತದೆ ಎಂಬ ವಿವರಣೆಯನ್ನು ಎಲ್ಲರೂ ಕೇಳಿರುತ್ತೇವೆ. ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಮೇಲಿನ ಪ್ರಶ್ನೆಗೆ ಈ ಬೀಗದ ಕತೆಯಲ್ಲಿ ಉತ್ತರವಿಲ್ಲ. ಬಾಗಿಲು ತೆರೆಯುವುದಕ್ಕಿಂತ ಮೊದಲು ಇನ್ಸುಲಿನ್ ಮಾಡುವ ಕೆಲಸವೊಂದಿದೆ: ಯಕೃತ್ತಿಗೆ ‘ಸಾಕು, ನಿಲ್ಲಿಸು’ ಎನ್ನುವುದು. ಅದೇ ಯಕೃತ್ತಿಗೆ ‘ಇನ್ನಷ್ಟು ಬಿಡು’ ಎನ್ನುವ ಹಾರ್ಮೋನೂ ಅದೇ ಗ್ರಂಥಿಯಲ್ಲಿ, ಇನ್ಸುಲಿನ್ ತಯಾರಿಸುವ ಕೋಶದ ಪಕ್ಕದ ಕೋಶದಲ್ಲೇ ಹುಟ್ಟುತ್ತದೆ. ಅದರ ಹೆಸರು ಗ್ಲುಕಗಾನ್. ರಕ್ತದ ಸಕ್ಕರೆಯ ಮಟ್ಟ ನಿಂತಿರುವುದು ಈ ಎರಡು ಮಾತುಗಳ ತೂಕದ ಮೇಲೆ.

(ಈ ಲೇಖನದಲ್ಲಿ ಬರುವ ಸಕ್ಕರೆಯ ಸಂಖ್ಯೆಗಳೆಲ್ಲ ಒಂದು ಡೆಸಿಲೀಟರ್ ರಕ್ತದಲ್ಲಿ ಇಷ್ಟು ಮಿಲಿಗ್ರಾಂ ಎಂಬ ಲೆಕ್ಕದಲ್ಲಿವೆ. ನಿಮ್ಮ ವರದಿ ಮಿಲಿಮೋಲ್‌ನಲ್ಲಿದ್ದರೆ ಅದನ್ನು 18ರಿಂದ ಗುಣಿಸಿಕೊಳ್ಳಿ.)

ಒಂದು ಚಮಚದ ಲೆಕ್ಕ

ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಬೆಳಗಿನ ಸಕ್ಕರೆ 90 ಇದೆ ಎಂದಿಟ್ಟುಕೊಳ್ಳಿ. ಆಗ ಇಡೀ ರಕ್ತದಲ್ಲಿರುವ ಗ್ಲೂಕೋಸ್ ಬರೀ ನಾಲ್ಕೂವರೆ ಗ್ರಾಂ. ಅಂದರೆ ಒಂದು ಟೀ ಚಮಚದಷ್ಟು. ಮಿದುಳೊಂದೇ ಗಂಟೆಗೆ ಸುಮಾರು 5 ಗ್ರಾಂ ಉರಿಸುತ್ತದೆ, ದಿನಕ್ಕೆ ಸುಮಾರು 120 ಗ್ರಾಂ. ಹೊಸದಾಗಿ ಸಕ್ಕರೆ ಬರುವುದು ನಿಂತರೆ ಆ ಚಮಚ ಒಂದು ಗಂಟೆಯೂ ಬಾಳುವುದಿಲ್ಲ.

ಇನ್ನು ಈ ಲೆಕ್ಕವನ್ನು ತಿರುಗಿಸಿ ನೋಡಿ. ಮಧುಮೇಹ ಪತ್ತೆಗೆ ಕುಡಿಸುವ ದ್ರಾವಣದಲ್ಲಿ 75 ಗ್ರಾಂ ಗ್ಲೂಕೋಸ್ ಇರುತ್ತದೆ. ಅದೆಲ್ಲ ರಕ್ತದಲ್ಲೇ ಉಳಿದರೆ ಮಟ್ಟ 1,500ರಷ್ಟು ಏರಬೇಕು. ಗ್ಲೂಕೋಸ್ ರಕ್ತನಾಳದಾಚೆಯ ದ್ರವಕ್ಕೂ ಹರಡುವುದರಿಂದ ಅಷ್ಟು ಏರದಿದ್ದರೂ ಕೆಲವು ನೂರಾದರೂ ಏರಲೇಬೇಕು. ಆದರೆ ಆರೋಗ್ಯವಂತರಲ್ಲಿ ಮುಕ್ಕಾಲು ಗಂಟೆಗೋ ಒಂದು ಗಂಟೆಗೋ ತುದಿ ಮುಟ್ಟಿ, ಎರಡು ಗಂಟೆಯ ಹೊತ್ತಿಗೆ 140ರ ಕೆಳಗಿರುತ್ತದೆ. ಖಾಲಿ ಹೊಟ್ಟೆಯಲ್ಲಿ 70ರಿಂದ 99. ಇಷ್ಟು ಕಿರಿದಾದ ಓಣಿಯಲ್ಲಿ ಹಗಲೂ ರಾತ್ರಿ ಸಕ್ಕರೆಯನ್ನು ನಡೆಸುವುದೇ ಇಲ್ಲಿನ ಸವಾಲು.

ದಾಸ್ತಾನು ಎರಡು ಕಡೆ ಇದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ ಗ್ಲೈಕೋಜನ್ (ಗ್ಲೂಕೋಸನ್ನು ದೇಹ ಕೂಡಿಡುವ ರೂಪ), ಸ್ನಾಯುಗಳಲ್ಲಿ ಅದರ ಮೂರು ನಾಲ್ಕು ಪಟ್ಟು. ಸ್ನಾಯುವಿನದು ಸ್ವಂತ ಬಳಕೆಗೆ ಮಾತ್ರ. ಗ್ಲೂಕೋಸನ್ನು ಮತ್ತೆ ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಅಲ್ಲಿಲ್ಲ. ಊರಿಗೆಲ್ಲ ಹಂಚುವ ಉಗ್ರಾಣ ಯಕೃತ್ತು. ರಾತ್ರಿಯಿಡೀ ಅದು ಪ್ರತಿ ಕಿಲೋ ದೇಹತೂಕಕ್ಕೆ ನಿಮಿಷಕ್ಕೆ ಸುಮಾರು 2 ಮಿಲಿಗ್ರಾಂನಂತೆ, ಅಂದರೆ 70 ಕಿಲೋ ತೂಕದವರಲ್ಲಿ ಗಂಟೆಗೆ ಎಂಟು ಗ್ರಾಂ ಚಿಲ್ಲರೆ ಗ್ಲೂಕೋಸನ್ನು ಹೊರಬಿಡುತ್ತಿರುತ್ತದೆ. ಸ್ವಲ್ಪ ಗ್ಲೈಕೋಜನ್ ಒಡೆದು, ಸ್ವಲ್ಪ ಲ್ಯಾಕ್ಟೇಟ್, ಗ್ಲಿಸರಾಲ್, ಅಮೈನೋ ಆಮ್ಲಗಳಿಂದ ಹೊಸದಾಗಿ ಕಟ್ಟಿ. ಈ ಹರಿವು ಕೊಂಚ ಹೆಚ್ಚಾದರೆ ಸಾಕು, ಬೆಳಗಿನ 90 ಎಂಬುದು 160 ಆಗುತ್ತದೆ.

ಗ್ರಂಥಿಯೊಳಗಿನ ದ್ವೀಪಗಳು

ಪ್ಯಾಂಕ್ರಿಯಾಸ್ ಅಥವಾ ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಮಲಗಿದೆ. ಸುಮಾರು 15 ಸೆಂ.ಮೀ. ಉದ್ದ, ನೂರು ಗ್ರಾಂ ಒಳಗಿನ ತೂಕ. ತಲೆಯ ಭಾಗ ಸಣ್ಣಕರುಳಿನ ಮೊದಲ ತಿರುವಿನ ತೆಕ್ಕೆಯಲ್ಲಿದೆ, ಬಾಲ ಎಡಕ್ಕೆ ಗುಲ್ಮದವರೆಗೆ ಚಾಚಿದೆ. ಗ್ರಂಥಿಯ ಬಹುಪಾಲು ಜೀರ್ಣರಸಕ್ಕೆ ಮೀಸಲು. ಆ ರಾಶಿಯ ನಡುವೆ ಅಲ್ಲಲ್ಲಿ ಚುಕ್ಕಿ ಇಟ್ಟ ಹಾಗೆ ಹತ್ತು ಲಕ್ಷದಷ್ಟು ಪುಟ್ಟ ಕೋಶಗುಚ್ಛಗಳಿವೆ. ದ್ವೀಪಗಳೆನ್ನುವುದು ಇವನ್ನೇ. 1869ರಲ್ಲಿ ಬರ್ಲಿನ್‌ನಲ್ಲಿ ಓದುತ್ತಿದ್ದ ಪಾಲ್ ಲ್ಯಾಂಗರ್‌ಹಾನ್ಸ್ ಇವನ್ನು ಸೂಕ್ಷ್ಮದರ್ಶಕದಡಿ ಕಂಡು ವರ್ಣಿಸಿದ. ಅವು ಏತಕ್ಕಿವೆ ಎಂಬುದು ಅವನಿಗೆ ಗೊತ್ತಾಗಲಿಲ್ಲ. ಇಪ್ಪತ್ತು ವರ್ಷಗಳ ನಂತರ, 1889ರಲ್ಲಿ, ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದಾಗ ಅದಕ್ಕೆ ಮಧುಮೇಹ ಬಂತು. ಸಕ್ಕರೆಗೂ ಈ ಗ್ರಂಥಿಗೂ ಸಂಬಂಧವಿದೆ ಎಂಬುದು ಖಚಿತವಾದದ್ದು ಆಗ.

ದ್ವೀಪಗಳನ್ನೆಲ್ಲ ಒಟ್ಟುಗೂಡಿಸಿದರೂ ಗ್ರಂಥಿಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು. ಅಂದರೆ ಒಂದೆರಡು ಗ್ರಾಂ. ಆದರೆ ಗ್ರಂಥಿಗೆ ಬರುವ ರಕ್ತದಲ್ಲಿ ಹತ್ತರಿಂದ ಹದಿನೈದು ಪ್ರತಿಶತ ಇವುಗಳ ಪಾಲಾಗುತ್ತದೆ. ಸಕ್ಕರೆಯ ರುಚಿ ನೋಡುತ್ತಲೇ ಇರಬೇಕಾದವರಿಗೆ ರಕ್ತದ ಹರಿವು ಹೆಚ್ಚಿರಲೇಬೇಕಲ್ಲ.

ಒಂದೊಂದು ದ್ವೀಪದಲ್ಲೂ ಹಲವು ಬಗೆಯ ಕೋಶಗಳಿವೆ. ಮನುಷ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಬೀಟಾ ಕೋಶಗಳು: ಇವುಗಳದ್ದು ಇನ್ಸುಲಿನ್, ಜೊತೆಗೆ ಅಮೈಲಿನ್ ಎಂಬ ಇನ್ನೊಂದು ಹಾರ್ಮೋನು. ಮೂರನೇ ಒಂದು ಭಾಗದಷ್ಟು ಆಲ್ಫಾ ಕೋಶಗಳು: ಗ್ಲುಕಗಾನ್. ಉಳಿದವರಲ್ಲಿ ಮುಖ್ಯರು ಸೊಮ್ಯಾಟೊಸ್ಟ್ಯಾಟಿನ್ ಸ್ರವಿಸುವ ಡೆಲ್ಟಾ ಕೋಶಗಳು. ಡೆಲ್ಟಾ ಕೋಶದ್ದು ಪಕ್ಕದ ಇಬ್ಬರಿಗೂ ಹದವಾಗಿ ಬ್ರೇಕು ಹಾಕುವ ಕೆಲಸ. ಮನುಷ್ಯರ ದ್ವೀಪಗಳಲ್ಲಿ ಈ ಕೋಶಗಳು ಒಂದರ ಮಗ್ಗುಲಲ್ಲಿ ಒಂದು ಬೆರೆತು ಕೂತಿವೆ. ಬೀಟಾ ಕೋಶ ಸುರಿದ ಇನ್ಸುಲಿನ್ ದೇಹ ಸುತ್ತಿ ಬರುವ ಮೊದಲೇ ಪಕ್ಕದ ಆಲ್ಫಾ ಕೋಶಕ್ಕೆ ತಾಗಿ ಅದರ ಬಾಯಿ ಮುಚ್ಚಿಸುತ್ತದೆ. ಈ ನೆರೆಹೊರೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಜೀರ್ಣರಸದ ನೆರೆಹೊರೆ ಮಾತ್ರ ವಿಜ್ಞಾನಿಗಳನ್ನು ದಶಕಗಳ ಕಾಲ ಸತಾಯಿಸಿತು. ಗ್ರಂಥಿಯನ್ನು ಅರೆದು ಇನ್ಸುಲಿನ್ ತೆಗೆಯಲು ಹೋದರೆ, ಅದೇ ಗ್ರಂಥಿಯ ಟ್ರಿಪ್ಸಿನ್ ಮುಂತಾದ ಕಿಣ್ವಗಳು ಅದನ್ನು ಜೀರ್ಣಿಸಿಬಿಡುತ್ತಿದ್ದವು. ಇನ್ಸುಲಿನ್ ಒಂದು ಪ್ರೋಟೀನು, ಕಿಣ್ವಕ್ಕೆ ಅದೂ ಆಹಾರವೇ. ಇನ್ಸುಲಿನ್ನನ್ನು ಸುಮ್ಮನೆ ಮಾತ್ರೆ ಮಾಡಿ ನುಂಗಲಾಗದಿರುವುದಕ್ಕೂ ಇದೇ ಕಾರಣ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಜೀರ್ಣರಸದ ನಾಳಗಳನ್ನು ಕಟ್ಟಿ, ಆ ಭಾಗ ಕುಗ್ಗುವವರೆಗೆ ಕಾದು ಸಾರ ತೆಗೆಯಲು ಯತ್ನಿಸಿದರು. 1922ರ ಜನವರಿ 11ರಂದು ಮಧುಮೇಹವಿದ್ದ ಒಬ್ಬ ಹುಡುಗನಿಗೆ ಕೊಟ್ಟ, ಮನುಷ್ಯರ ಮೇಲಿನ ಮೊದಲ ಚುಚ್ಚುಮದ್ದು ಅಷ್ಟಾಗಿ ಫಲಿಸಲಿಲ್ಲ. ಸಾರ ಶುದ್ಧವಾಗಿರಲಿಲ್ಲ. ರಸಾಯನ ಬಲ್ಲ ಕಾಲಿಪ್ ಅದನ್ನು ಶುದ್ಧೀಕರಿಸಿ ಕೊಟ್ಟ ಮೇಲೆ, ಜನವರಿ 23ರಂದು ಅದೇ ಹುಡುಗನ ಸಕ್ಕರೆ ಇಳಿಯಿತು. ಆ ಕಾಲದ ಸಾರ ಚುಚ್ಚಿದಾಗ ಸಕ್ಕರೆ ಇಳಿಯುವ ಮುನ್ನ ಸ್ವಲ್ಪ ಹೊತ್ತು ಏರುವುದೂ ಇತ್ತು. ಕಲಬೆರಕೆಯಾಗಿ ಒಳಗೆ ಸೇರಿದ್ದ ಆ ಇನ್ನೊಂದು ವಸ್ತುವಿಗೆ 1923ರಲ್ಲಿ ಕಿಂಬಲ್ ಮತ್ತು ಮರ್ಲಿನ್ ಗ್ಲುಕಗಾನ್ ಎಂದು ಹೆಸರಿಟ್ಟರು.

ಬೀಟಾ ಕೋಶ ಸಕ್ಕರೆಯನ್ನು ಅಳೆಯುವ ಬಗೆ

ಬೀಟಾ ಕೋಶಕ್ಕೆ ಕಣ್ಣಿಲ್ಲ, ನಾಲಿಗೆಯಿಲ್ಲ. ಅದು ಸಕ್ಕರೆಯನ್ನು ಉರಿಸಿ ನೋಡಿ ಅಳೆಯುತ್ತದೆ. ಕ್ರಮ ಹೀಗೆ.

ಗ್ಲೂಕೋಸ್ ಕೋಶದೊಳಗೆ ಹೋಗುವ ದಾರಿ ಸದಾ ತೆರೆದಿರುತ್ತದೆ, ಅದಕ್ಕೆ ಇನ್ಸುಲಿನ್ ಬೇಕಿಲ್ಲ. ಹೊರಗೆ ಎಷ್ಟಿದೆಯೋ ಒಳಗೂ ಅಷ್ಟೇ. ಒಳಗೆ ಗ್ಲೂಕೊಕೈನೇಸ್ ಎಂಬ ಕಿಣ್ವ ಅದನ್ನು ಹಿಡಿಯುತ್ತದೆ. ಉಳಿದ ಅಂಗಾಂಶಗಳಲ್ಲಿರುವ ಇದರ ಸೋದರರು ಸಕ್ಕರೆ ಕಡಿಮೆ ಇದ್ದಾಗಲೇ ಪೂರ್ತಿ ದುಡಿಯುತ್ತಿರುತ್ತಾರೆ, ಹಾಗಾಗಿ ಹೆಚ್ಚಾದರೂ ಅವರಿಗೆ ಗೊತ್ತಾಗುವುದಿಲ್ಲ. ಗ್ಲೂಕೊಕೈನೇಸ್ ಹಾಗಲ್ಲ. ಸಕ್ಕರೆ 90ರ ಆಸುಪಾಸಿನಿಂದ ಮೇಲೇರಿದಂತೆಲ್ಲ ಅದರ ವೇಗವೂ ಏರುತ್ತದೆ. ಹೀಗಾಗಿ ಮಾಪಕದ ಮುಳ್ಳು ಇದೇ. ಉರಿದ ಗ್ಲೂಕೋಸಿನಿಂದ ಎಟಿಪಿ, ಅಂದರೆ ಕೋಶ ಬಳಸುವ ಶಕ್ತಿಯ ಕಣ, ಹುಟ್ಟುತ್ತದೆ. ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹರಿಯುವ ಕಿಂಡಿಗಳಿವೆ. ಎಟಿಪಿ ಹೆಚ್ಚಿದರೆ ಇವು ಮುಚ್ಚಿಕೊಳ್ಳುತ್ತವೆ. ಪೊಟ್ಯಾಸಿಯಂ ಒಳಗೇ ಉಳಿದು ಪೊರೆಯ ವಿದ್ಯುತ್ ಒತ್ತಡ ಬದಲಾಗುತ್ತದೆ, ಆ ಬದಲಾವಣೆಗೆ ಕ್ಯಾಲ್ಸಿಯಂ ಕಿಂಡಿಗಳು ತೆರೆಯುತ್ತವೆ, ಒಳನುಗ್ಗಿದ ಕ್ಯಾಲ್ಸಿಯಂ ಇನ್ಸುಲಿನ್ ತುಂಬಿದ ಚೀಲಗಳನ್ನು ಪೊರೆಗೆ ಅಂಟಿಸಿ ಒಡೆಸುತ್ತದೆ. ಒಂದು ಕೋಶದಲ್ಲಿ ಇಂಥ ಚೀಲಗಳು ಸುಮಾರು ಹತ್ತು ಸಾವಿರ.

ಇದು ಬರೀ ಪಠ್ಯಪುಸ್ತಕದ ಚಿತ್ರವಲ್ಲ, ಔಷಧಿ ಅಂಗಡಿಯ ಕಪಾಟಿನಲ್ಲಿ ಇದರ ಒಂದೊಂದು ಹಂತವೂ ಕಾಣಸಿಗುತ್ತದೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದ ಮಾತ್ರೆಗಳು ಆ ಪೊಟ್ಯಾಸಿಯಂ ಕಿಂಡಿಯನ್ನು ನೇರವಾಗಿ ಮುಚ್ಚುತ್ತವೆ. ಸಕ್ಕರೆ ಎಷ್ಟಿದೆ ಎಂದು ಅವು ಕೇಳುವುದಿಲ್ಲ. ಆದ್ದರಿಂದಲೇ ಈ ಮಾತ್ರೆ ನುಂಗಿ ಊಟ ತಪ್ಪಿಸಿದವರಿಗೆ ಶುಗರ್ ಪಾತಾಳಕ್ಕಿಳಿಯುವ ಅಪಾಯವಿದೆ. ಕೆಲವು ಶಿಶುಗಳಿಗೆ ಹುಟ್ಟಿದ ಆರು ತಿಂಗಳೊಳಗೇ ಮಧುಮೇಹ ಬರುತ್ತದೆ. ಅವರಲ್ಲಿ ಹಲವರ ತೊಂದರೆ ಈ ಕಿಂಡಿ ಮುಚ್ಚಿಕೊಳ್ಳದಿರುವುದು. ವಂಶವಾಹಿ ಪರೀಕ್ಷೆಯಲ್ಲಿ ಅದು ಖಚಿತವಾದರೆ ಇನ್ಸುಲಿನ್ ಚುಚ್ಚುವುದನ್ನು ಬಿಟ್ಟು ಇದೇ ಮಾತ್ರೆಯಿಂದ ನಿಭಾಯಿಸಲು ಬಹಳಷ್ಟು ಮಕ್ಕಳಿಗೆ ಸಾಧ್ಯವಾಗಿದೆ. ಇನ್ನು ಗ್ಲೂಕೊಕೈನೇಸ್‌ನಲ್ಲೇ ಹುಟ್ಟಿನಿಂದ ಸಣ್ಣ ದೋಷವಿರುವವರ ಬೆಳಗಿನ ಸಕ್ಕರೆ ಜೀವನಪೂರ್ತಿ 100ರಿಂದ 145ರ ಒಳಗೆ ತಣ್ಣಗೆ ಕೂತಿರುತ್ತದೆ. ಮಾಪಕದ ಸೊನ್ನೆ ಕೊಂಚ ಸರಿದಿದೆ, ಅಷ್ಟೇ. ಗರ್ಭಿಣಿಯರನ್ನು ಬಿಟ್ಟರೆ ಸಾಮಾನ್ಯವಾಗಿ ಇವರಿಗೆ ಚಿಕಿತ್ಸೆಯೇ ಬೇಡ. ಆದರೂ ಮಧುಮೇಹವೆಂದು ವರ್ಷಗಟ್ಟಲೆ ಮಾತ್ರೆ ನುಂಗುವವರಿದ್ದಾರೆ.

ಇನ್ಸುಲಿನ್ ಎರಡು ಅಲೆಯಲ್ಲಿ ಬರುತ್ತದೆ. ಮೊದಲನೆಯದು ಬಾಗಿಲ ಬಳಿಯೇ ಸಿದ್ಧವಿದ್ದ ಚೀಲಗಳದ್ದು. ಸಕ್ಕರೆಯನ್ನು ಒಮ್ಮೆಲೇ ರಕ್ತನಾಳಕ್ಕೆ ಹರಿಸಿ ನೋಡಿದಾಗ ಇದು ಸ್ಪಷ್ಟವಾಗಿ ಕಾಣುತ್ತದೆ: ಕೆಲವೇ ನಿಮಿಷಗಳಲ್ಲಿ ಚಿಮ್ಮಿ, ಹತ್ತು ನಿಮಿಷದೊಳಗೆ ಇಳಿಯುತ್ತದೆ. ಎರಡನೆಯದು ನಿಧಾನ, ಸಕ್ಕರೆ ಇಳಿಯುವವರೆಗೂ ಸಾಗುತ್ತದೆ. ಮೊದಲ ಅಲೆ ಗಾತ್ರದಲ್ಲಿ ಚಿಕ್ಕದಾದರೂ ಪರಿಣಾಮದಲ್ಲಿ ಚಿಕ್ಕದಲ್ಲ. ಊಟದ ಸಕ್ಕರೆ ಬರುವ ಮೊದಲೇ ಅದು ಯಕೃತ್ತಿನ ನಲ್ಲಿಯನ್ನು ತಿರುಗಿಸಿರುತ್ತದೆ. ಟೈಪ್ 2 ಮಧುಮೇಹದಲ್ಲಿ ಎಲ್ಲಕ್ಕಿಂತ ಮೊದಲು ಕಾಣೆಯಾಗುವವುಗಳಲ್ಲಿ ಈ ಮೊದಲ ಅಲೆಯೂ ಒಂದು. ಆಗ ಹೊರಗಿನಿಂದ ಊಟದ ಸಕ್ಕರೆ, ಒಳಗಿನಿಂದ ಯಕೃತ್ತಿನ ಸಕ್ಕರೆ, ಎರಡೂ ಒಟ್ಟಿಗೆ ರಕ್ತಕ್ಕೆ ಸುರಿಯುತ್ತವೆ.

ಚೀಲದೊಳಗೆ ಇನ್ನೊಂದು ಪುಟ್ಟ ಸಂಗತಿಯಿದೆ. ಬೀಟಾ ಕೋಶ ಮೊದಲು ಪ್ರೋಇನ್ಸುಲಿನ್ ಎಂಬ ಉದ್ದ ಸರಪಳಿ ನೇಯ್ದು, ನಡುವಿನ ತುಂಡನ್ನು ಕತ್ತರಿಸಿ ತೆಗೆಯುತ್ತದೆ. ಉಳಿದ ಎರಡು ತುದಿಗಳು ಸೇರಿ 51 ಅಮೈನೋ ಆಮ್ಲಗಳ ಇನ್ಸುಲಿನ್. ಕತ್ತರಿಸಿದ ತುಂಡು ಸಿ-ಪೆಪ್ಟೈಡ್. ಎರಡೂ ಒಂದಕ್ಕೊಂದರಂತೆ ಸಮಸಂಖ್ಯೆಯಲ್ಲಿ ಹೊರಬೀಳುತ್ತವೆ. ಚುಚ್ಚಿಕೊಳ್ಳುವ ಇನ್ಸುಲಿನ್‌ನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಹಾಗಾಗಿ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರಲ್ಲೂ ಸ್ವಂತ ಗ್ರಂಥಿ ಎಷ್ಟು ದುಡಿಯುತ್ತಿದೆ ಎಂದು ತಿಳಿಯಲು ಈ ತುಂಡನ್ನು ಅಳೆದರಾಯಿತು. ಸಕ್ಕರೆ ಏಕಾಏಕಿ ಕುಸಿದು ಬಂದವರ ರಕ್ತದಲ್ಲಿ ಇನ್ಸುಲಿನ್ ಹೆಚ್ಚಿದ್ದು ಸಿ-ಪೆಪ್ಟೈಡ್ ತಳ ಸೇರಿದ್ದರೆ ಆ ಇನ್ಸುಲಿನ್ ಹೊರಗಿನದು. ಎರಡೂ ಹೆಚ್ಚಿದ್ದರೆ ಗ್ರಂಥಿಯಲ್ಲೇ ಗಡ್ಡೆಯಿರಬಹುದು, ಇಲ್ಲವೇ ಮೇಲೆ ಹೇಳಿದ ಮಾತ್ರೆ ಹೊಟ್ಟೆ ಸೇರಿರಬಹುದು.

ಮೊದಲ ನಿಲ್ದಾಣ ಯಕೃತ್ತು

ಮೇದೋಜೀರಕ ಗ್ರಂಥಿಯಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ರಕ್ತನಾಳದ ಮೂಲಕ ಮೊದಲು ಯಕೃತ್ತಿಗೆ ಹೋಗುತ್ತದೆ. ಕರುಳಿನಿಂದ ಸಕ್ಕರೆ ಹೊತ್ತ ರಕ್ತವೂ ಅದೇ ದಾರಿಯಲ್ಲಿ ಬರುತ್ತದೆ. ಅಂದರೆ ಸರಕು ಮತ್ತು ಅದರ ಚೀಟಿ ಎರಡೂ ಒಟ್ಟಿಗೆ ಉಗ್ರಾಣ ತಲುಪುತ್ತವೆ. ಬಂದ ಇನ್ಸುಲಿನ್‌ನಲ್ಲಿ ಅರ್ಧದಷ್ಟನ್ನು ಯಕೃತ್ತೇ ಹಿಡಿದುಕೊಂಡು ಮುಗಿಸುತ್ತದೆ. ಉಳಿದದ್ದು ಮಾತ್ರ ಉಳಿದ ದೇಹಕ್ಕೆ. ರಕ್ತದಲ್ಲಿ ಇನ್ಸುಲಿನ್‌ನ ಅರ್ಧಾಯುಷ್ಯ ನಾಲ್ಕೈದು ನಿಮಿಷ. ಆಜ್ಞೆ ಬೇಗ ಹಳತಾಗುವುದರಿಂದ ಗ್ರಂಥಿ ಕ್ಷಣಕ್ಷಣಕ್ಕೂ ಮನಸ್ಸು ಬದಲಾಯಿಸಬಹುದು.

ಯಕೃತ್ತಿನಲ್ಲಿ ಇನ್ಸುಲಿನ್ ಗ್ಲೈಕೋಜನ್ ಒಡೆಯುವುದನ್ನು ನಿಲ್ಲಿಸಿ ಕಟ್ಟುವುದನ್ನು ಶುರುಮಾಡಿಸುತ್ತದೆ. ಕೊಬ್ಬಿನ ಕೋಶಗಳಲ್ಲಿ ಕೊಬ್ಬು ಕರಗಿ ಹೊರಬರುವುದನ್ನು ತಡೆಯುತ್ತದೆ. ಇದಕ್ಕೆ ತೀರಾ ಸ್ವಲ್ಪ ಇನ್ಸುಲಿನ್ ಸಾಕು. ಬೀಗದ ಕೈಯ ಮಾತು ಒಪ್ಪುವುದು ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ: ಕೋಶದೊಳಗೆ ಮಡಚಿಟ್ಟಿದ್ದ ಗ್ಲೂಟ್-4 ಎಂಬ ಸಾಗಣೆ ಪ್ರೋಟೀನುಗಳನ್ನು ಇನ್ಸುಲಿನ್ ಪೊರೆಗೆ ತಂದು ಕೂರಿಸುತ್ತದೆ, ಅವುಗಳ ಮೂಲಕ ಸಕ್ಕರೆ ಒಳಹೋಗುತ್ತದೆ. ನಡೆದಾಗ, ಭಾರ ಎತ್ತಿದಾಗ ಸ್ನಾಯು ಸಂಕುಚಿಸಿದರೂ ಇದೇ ಗ್ಲೂಟ್-4 ಇನ್ಸುಲಿನ್‌ನ ನೆರವಿಲ್ಲದೆ ಮೇಲೆ ಬರುತ್ತದೆ. ಊಟದ ನಂತರದ ನಡಿಗೆ ಸಕ್ಕರೆ ಇಳಿಸುವುದು ಈ ಹಿತ್ತಿಲ ಬಾಗಿಲಿನಿಂದ. ಮಿದುಳು ಇನ್ಸುಲಿನ್‌ಗಾಗಿ ಕಾಯುವುದೇ ಇಲ್ಲ, ರಕ್ತದಲ್ಲಿ ಇದ್ದಷ್ಟನ್ನು ತೆಗೆದುಕೊಳ್ಳುತ್ತದೆ.

ಗ್ಲುಕಗಾನ್, ಮತ್ತು ಕರುಳಿನ ಮುನ್ಸೂಚನೆ

ಗ್ಲುಕಗಾನ್ 29 ಅಮೈನೋ ಆಮ್ಲಗಳ ಚಿಕ್ಕ ಸರಪಳಿ. ಅದರ ಕೆಲಸ ಬಹುತೇಕ ಯಕೃತ್ತಿನಲ್ಲೇ: ಗ್ಲೈಕೋಜನ್ ಒಡೆ, ಹೊಸ ಗ್ಲೂಕೋಸ್ ಕಟ್ಟು, ಬೇಕಾದರೆ ಕೊಬ್ಬಿನಿಂದ ಕೀಟೋನ್ ಎಂಬ ಬದಲಿ ಇಂಧನ ಮಾಡು. ಸ್ನಾಯು ಅದರ ಮಾತಿಗೆ ಓಗೊಡುವುದಿಲ್ಲ.

ಇನ್ಸುಲಿನ್ ಏರಿದರೆ ಗ್ಲುಕಗಾನ್ ಇಳಿಯುತ್ತದೆ, ಅದು ಏರಿದರೆ ಇದು ಇಳಿಯುತ್ತದೆ ಎಂದು ತಕ್ಕಡಿಯ ಚಿತ್ರ ಬಿಡಿಸುವುದು ವಾಡಿಕೆ. ಬರೀ ಮೊಟ್ಟೆ ಅಥವಾ ಮಾಂಸ ತಿಂದಾಗ ಈ ತಕ್ಕಡಿ ಸುಳ್ಳಾಗುತ್ತದೆ. ಅಮೈನೋ ಆಮ್ಲಗಳು ಎರಡೂ ಹಾರ್ಮೋನುಗಳನ್ನು ಒಟ್ಟಿಗೆ ಏರಿಸುತ್ತವೆ. ಕಾರಣವಿದೆ. ಅಮೈನೋ ಆಮ್ಲವನ್ನು ಸ್ನಾಯುವಿಗೆ ಸೇರಿಸಲು ಇನ್ಸುಲಿನ್ ಬೇಕು, ಆದರೆ ಊಟದಲ್ಲಿ ಸಕ್ಕರೆಯೇ ಇಲ್ಲದಾಗ ಇನ್ಸುಲಿನ್ ಒಂದೇ ಏರಿದರೆ ಊಟ ಮಾಡಿದವರೇ ತಲೆಸುತ್ತಿ ಬೀಳಬೇಕಾಗುತ್ತದೆ. ಗ್ಲುಕಗಾನ್ ಆ ಕೊರತೆಯನ್ನು ಯಕೃತ್ತಿನಿಂದ ತುಂಬಿಸಿಕೊಡುತ್ತದೆ.

ಇನ್ನೊಂದು ಒಗಟು: ಅಷ್ಟೇ ಗ್ಲೂಕೋಸನ್ನು ರಕ್ತನಾಳಕ್ಕೆ ಹರಿಸಿದಾಗ ಬರುವ ಇನ್ಸುಲಿನ್‌ಗಿಂತ ಬಾಯಿಂದ ಕುಡಿಸಿದಾಗ ಬರುವುದು ಬಹಳ ಹೆಚ್ಚು. ರಕ್ತದ ಸಕ್ಕರೆಯನ್ನು ಎರಡರಲ್ಲೂ ಒಂದೇ ಮಟ್ಟದಲ್ಲಿ ಇರಿಸಿದರೂ ಹಾಗೆಯೇ. ಕರುಳು ಆಹಾರ ಕಂಡೊಡನೆ ಜಿಎಲ್‌ಪಿ-1 ಮತ್ತು ಜಿಐಪಿ ಎಂಬ ಹಾರ್ಮೋನುಗಳ ಮೂಲಕ ಬೀಟಾ ಕೋಶಕ್ಕೆ ಮುಂಚೆಯೇ ಸುದ್ದಿ ಮುಟ್ಟಿಸುತ್ತದೆ. ಈ ಸುದ್ದಿ ಸಕ್ಕರೆ ಏರಿದಾಗ ಮಾತ್ರ ಫಲಿಸುವುದರಿಂದ ಇದರಿಂದ ಸಕ್ಕರೆ ತೀರಾ ಕುಸಿಯುವ ಭಯ ಕಡಿಮೆ. ಜಿಎಲ್‌ಪಿ-1 ಗ್ಲುಕಗಾನ್ ಅನ್ನೂ ತಗ್ಗಿಸುತ್ತದೆ, ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಹಸಿವನ್ನೂ ಇಳಿಸುತ್ತದೆ. ಆದರೆ ಡಿಪಿಪಿ-4 ಎಂಬ ಕಿಣ್ವ ಅದನ್ನು ಒಂದೆರಡು ನಿಮಿಷದಲ್ಲೇ ತುಂಡರಿಸುತ್ತದೆ. ಸಿಟಾಗ್ಲಿಪ್ಟಿನ್‌ನಂಥ ಮಾತ್ರೆಗಳು ಆ ಕತ್ತರಿಯನ್ನು ಹಿಡಿದುಕೊಳ್ಳುತ್ತವೆ. ಸೆಮಾಗ್ಲುಟೈಡ್ ಕತ್ತರಿಗೆ ಸಿಗದಂತೆ, ರಕ್ತದ ಪ್ರೋಟೀನಿಗೆ ಅಂಟಿಕೊಂಡು ಬಹುಕಾಲ ಉಳಿಯುವಂತೆ ತಿದ್ದಿದ ಜಿಎಲ್‌ಪಿ-1, ಅದಕ್ಕೇ ವಾರಕ್ಕೊಂದು ಚುಚ್ಚು ಸಾಕಾಗುತ್ತದೆ. ಈ ಬಳಗದ ಮೊದಲ ಔಷಧ ಎಕ್ಸೆನಟೈಡ್ 2005ರಲ್ಲಿ ಬಂತು. ಅದರ ಮೂಲ ಗೀಲಾ ಮಾನ್‌ಸ್ಟರ್ ಎಂಬ ವಿಷಕಾರಿ ಹಲ್ಲಿಯ ಜೊಲ್ಲು!

ಸಕ್ಕರೆ ಇಳಿಯುವಾಗ

ಇಳಿತಕ್ಕೆ ದೇಹ ಮೆಟ್ಟಿಲು ಮೆಟ್ಟಿಲಾಗಿ ಉತ್ತರ ಕೊಡುತ್ತದೆ. 80–85ರ ಹತ್ತಿರ ಇನ್ಸುಲಿನ್ ಸ್ರವಿಸುವುದು ತಗ್ಗುತ್ತದೆ. 65–70ಕ್ಕೆ ಗ್ಲುಕಗಾನ್, ಅದರ ಬೆನ್ನಿಗೆ ಅಡ್ರಿನಲಿನ್ ಏರುತ್ತವೆ. ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನು ನಿಧಾನಕ್ಕೆ ಕೈಜೋಡಿಸುತ್ತವೆ. 55ರ ಹೊತ್ತಿಗೆ ಬೆವರು, ನಡುಕ, ಎದೆಬಡಿತ, ತಡೆಯಲಾಗದ ಹಸಿವು. 50ರ ಕೆಳಗೆ ಮಿದುಳು ಮಂಕಾಗುತ್ತದೆ, ಮಾತು ತೊದಲುತ್ತದೆ, ಇನ್ನೂ ಇಳಿದರೆ ಪ್ರಜ್ಞೆ ತಪ್ಪುತ್ತದೆ. ಮೊದಲ ಎರಡು ಮೆಟ್ಟಿಲುಗಳನ್ನು ಮೇದೋಜೀರಕ ಗ್ರಂಥಿಯೇ ಸದ್ದಿಲ್ಲದೆ ನಿಭಾಯಿಸುತ್ತದೆ. ಆರೋಗ್ಯವಂತರು ಹಸಿದರೂ ಬೀಳದಿರುವುದು ಇದರಿಂದ.

ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮೊದಲ ಮೆಟ್ಟಿಲೇ ಇಲ್ಲ. ಚರ್ಮದಡಿ ಸೇರಿದ ಇನ್ಸುಲಿನ್ ಸಕ್ಕರೆ 80ಕ್ಕೆ ಬಂತೆಂದು ನಿಲ್ಲುವುದಿಲ್ಲ. 70ರ ಕೆಳಗಿಳಿದರೆ ಮಾಡಬೇಕಾದ್ದು ಇಷ್ಟು: ಬೇಗ ರಕ್ತ ಸೇರುವ 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ ಸಕ್ಕರೆ ಕಲಸಿದ ನೀರು ಅಥವಾ ಅಷ್ಟೇ ಗ್ಲೂಕೋಸ್ ಪುಡಿ. 15 ನಿಮಿಷ ಕಾದು ಮತ್ತೆ ಪರೀಕ್ಷೆ. ಇನ್ನೂ 70 ದಾಟಿರದಿದ್ದರೆ ಮತ್ತೊಮ್ಮೆ ಅಷ್ಟೇ. ಚಾಕೊಲೇಟು ಇದಕ್ಕೆ ಸರಿಯಲ್ಲ, ಅದರ ಕೊಬ್ಬು ಸಕ್ಕರೆಯನ್ನು ತಡವಾಗಿಸುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಅವರಿಗೆ ಬೇಕಾದ್ದು ರಕ್ತನಾಳಕ್ಕೆ ಗ್ಲೂಕೋಸ್, ಇಲ್ಲವೇ 1 ಮಿಲಿಗ್ರಾಂ ಗ್ಲುಕಗಾನ್ ಚುಚ್ಚುಮದ್ದು. ಆದರೆ ಗ್ಲುಕಗಾನ್ ಆಜ್ಞೆ ಮಾತ್ರ ಕೊಡಬಲ್ಲದು. ದೀರ್ಘ ಉಪವಾಸದಿಂದ ಉಗ್ರಾಣ ಬರಿದಾಗಿದ್ದರೆ ಕೊಡಲು ಯಕೃತ್ತಿನಲ್ಲಿ ಏನೂ ಇರುವುದಿಲ್ಲ. ಮದ್ಯದ ಅಪಾಯವೂ ಇಲ್ಲೇ ಇದೆ: ಯಕೃತ್ತು ಹೊಸ ಗ್ಲೂಕೋಸ್ ಕಟ್ಟುವುದನ್ನು ಅದು ತಡೆಯುತ್ತದೆ. ಖಾಲಿ ಹೊಟ್ಟೆಯಲ್ಲಿ ಕುಡಿದು ಮಲಗಿದವರ ಸಕ್ಕರೆ ಕುಸಿಯಬಹುದು. ಅದನ್ನು ಅಮಲೆಂದು ಸುತ್ತಲಿನವರು ಬಿಟ್ಟುಬಿಡುತ್ತಾರೆ.

ಕೆಡುವುದು ಎಲ್ಲಿ

ಟೈಪ್ 1ರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಆಲ್ಫಾ ಕೋಶಗಳು ಉಳಿದುಕೊಳ್ಳುತ್ತವೆ, ಆದರೆ ಬಾಯಿ ಮುಚ್ಚಿಸುವ ನೆರೆಯವರಿಲ್ಲದೆ ದಿಕ್ಕು ತಪ್ಪುತ್ತವೆ. ಸಕ್ಕರೆ ಏರಿದ್ದಾಗಲೂ ಗ್ಲುಕಗಾನ್ ಸುರಿಸುತ್ತವೆ, ನಿಜಕ್ಕೂ ಬೇಕಾದಾಗ, ಸಕ್ಕರೆ ಇಳಿದಾಗ, ಸುಮ್ಮನಿರುತ್ತವೆ. ರೋಗ ಶುರುವಾಗಿ ಕೆಲವು ವರ್ಷಗಳಲ್ಲಿ ಈ ಎರಡನೇ ಮೆಟ್ಟಿಲೂ ಬಹುತೇಕ ಮುರಿಯುತ್ತದೆ. ಇನ್ಸುಲಿನ್ ಪೂರ್ತಿ ಇಲ್ಲವಾದಾಗ ಕೊಬ್ಬಿನ ಕೋಶಗಳ ಬೀಗ ಕಳಚಿ ಕೊಬ್ಬು ಯಕೃತ್ತಿಗೆ ಹರಿಯುತ್ತದೆ, ಗ್ಲುಕಗಾನ್ ಅದನ್ನು ಕೀಟೋನ್ ಆಗಿಸುತ್ತದೆ, ರಕ್ತ ಆಮ್ಲೀಯವಾಗುತ್ತದೆ. ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಉಸಿರಿಗೆ ಹಣ್ಣು ಕೊಳೆತ ವಾಸನೆ. ಜ್ವರ ಬಂದು ಊಟ ಸೇರುತ್ತಿಲ್ಲವೆಂದು ಇನ್ಸುಲಿನ್ ನಿಲ್ಲಿಸಿಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಊಟವಿಲ್ಲದಿದ್ದರೂ ಯಕೃತ್ತು ಸುಮ್ಮನಿರುವುದಿಲ್ಲವಲ್ಲ.

ಗ್ಲುಕಗಾನ್ ಪಾಲು ಎಷ್ಟು ದೊಡ್ಡದು ಎಂಬುದಕ್ಕೆ ಇಲಿಗಳ ಮೇಲಿನ ಪ್ರಯೋಗವೊಂದು ಬೆಳಕು ಚೆಲ್ಲಿದೆ. ಗ್ಲುಕಗಾನ್ ಮಾತನ್ನು ಕೇಳಿಸಿಕೊಳ್ಳುವ ಗ್ರಾಹಕವೇ (ರಿಸೆಪ್ಟರ್) ಇಲ್ಲದಂತೆ ಬೆಳೆಸಿದ ಇಲಿಗಳ ಬೀಟಾ ಕೋಶಗಳನ್ನು ನಾಶ ಮಾಡಿದರೂ ಸಕ್ಕರೆ ಎಂದಿನಂತೆ ಗಗನಕ್ಕೇರಲಿಲ್ಲ. ಅಳಿದುಳಿದ ಇನ್ಸುಲಿನ್ನೂ ಪೂರ್ತಿ ಹೋದರೆ ಈ ರಕ್ಷೆ ಉಳಿಯುವುದಿಲ್ಲ ಎಂದು ಮುಂದಿನ ಪ್ರಯೋಗಗಳು ತೋರಿಸಿದವು ಎಂಬುದನ್ನೂ ಸೇರಿಸಿಯೇ ಇದನ್ನು ಓದಬೇಕು.

ಟೈಪ್ 2ರಲ್ಲಿ ಯಕೃತ್ತು, ಸ್ನಾಯು, ಕೊಬ್ಬು ಮೂರೂ ಇನ್ಸುಲಿನ್ ಮಾತಿಗೆ ಕಿವುಡಾಗುತ್ತವೆ. ಬೀಟಾ ಕೋಶಗಳು ಮೊದಮೊದಲು ದನಿ ಏರಿಸಿ, ಎರಡು ಮೂರು ಪಟ್ಟು ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಹಿಡಿದಿಡುತ್ತವೆ. ವರ್ಷಗಳು ಕಳೆದಂತೆ ಸೋಲುತ್ತವೆ. ವರದಿಯಲ್ಲಿ ಸಂಖ್ಯೆ ಬದಲಾಗುವುದು ಸೋತ ಮೇಲೆ. ಅಷ್ಟು ಹೊತ್ತಿಗೆ ಅವುಗಳ ಸಾಮರ್ಥ್ಯದ ದೊಡ್ಡ ಪಾಲು ಹೋಗಿರುತ್ತದೆ. ಊಟದ ನಂತರ ತಗ್ಗಬೇಕಾದ ಗ್ಲುಕಗಾನ್ ಕೂಡ ತಗ್ಗುವುದಿಲ್ಲ. ನಸುಕಿನಲ್ಲಿ ಸಹಜವಾಗಿಯೇ ಏರುವ ಕಾರ್ಟಿಸಾಲ್ ಮತ್ತು ಬೆಳವಣಿಗೆಯ ಹಾರ್ಮೋನು ಯಕೃತ್ತನ್ನು ಮತ್ತಷ್ಟು ಕೆಣಕುತ್ತವೆ. ಲೇಖನದ ಮೊದಲಿಗೆ ಬಂದ 160 ಹುಟ್ಟಿದ್ದು ಹೀಗೆ. ರಾತ್ರಿ ಊಟವನ್ನೇ ಬಿಟ್ಟರೂ ಅದು ನಿರೀಕ್ಷಿಸಿದಷ್ಟು ಇಳಿಯದಿರುವುದೂ ಇದಕ್ಕೇ. ಮೆಟ್‌ಫಾರ್ಮಿನ್ ಕೆಲಸ ಮಾಡುವುದು ಮುಖ್ಯವಾಗಿ ಯಕೃತ್ತಿನ ಈ ಹರಿವನ್ನು ತಗ್ಗಿಸಿ.

ರಕ್ತದ ಸಕ್ಕರೆ ಸುಮಾರು 180 ದಾಟಿದರೆ ಮೂತ್ರಪಿಂಡ ಅದನ್ನೆಲ್ಲ ಮರಳಿ ಹೀರಲಾರದು. ಸಕ್ಕರೆ ಮೂತ್ರಕ್ಕೆ ಸೋರುತ್ತದೆ, ನೀರನ್ನೂ ಎಳೆದೊಯ್ಯುತ್ತದೆ, ಬಾಯಾರಿಕೆ ಶುರುವಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಮಧುಮೇಹವೆಂದು ಹೇಳುವ ಗಡಿ ಇದಕ್ಕಿಂತ ಎಷ್ಟೋ ಕೆಳಗಿದೆ: 126 ಅಥವಾ ಅದರ ಮೇಲೆ. ಉಳಿದ ಗಡಿಗಳು: 75 ಗ್ರಾಂ ಗ್ಲೂಕೋಸ್ ಕುಡಿದ ಎರಡು ಗಂಟೆಗೆ 200, ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಸೂಚಿಸುವ ಎಚ್‌ಬಿಎ1ಸಿ 6.5 ಪ್ರತಿಶತ, ಅಥವಾ ಇವುಗಳ ಮೇಲೆ. ಲಕ್ಷಣಗಳಿಲ್ಲದವರಲ್ಲಿ ಒಂದೇ ವರದಿ ನೋಡಿ ತೀರ್ಮಾನಿಸುವಂತಿಲ್ಲ, ಇನ್ನೊಂದು ಪರೀಕ್ಷೆ ಬೇಕು. ಬಾಯಾರಿಕೆಗಾಗಿ ಕಾಯುತ್ತಾ ಕೂತರೆ 126ರಿಂದ 180ರ ನಡುವೆ ವರ್ಷಗಟ್ಟಲೆ ಏನೂ ಗೊತ್ತಾಗದೆ ಕಳೆದುಹೋಗಬಹುದು.

ಗ್ರಂಥಿಯನ್ನೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದವರದು, ದೀರ್ಘಕಾಲದ ಉರಿಯೂತದಿಂದ ಅದು ಸವೆದುಹೋದವರದು ಇನ್ನೊಂದು ಬಗೆ. ಅವರಲ್ಲಿ ಇನ್ಸುಲಿನ್ ಜೊತೆಗೆ ಗ್ಲುಕಗಾನ್ ಕೂಡ ಇಲ್ಲ, ಇಲ್ಲವೇ ತೀರಾ ಕಡಿಮೆ. ಚುಚ್ಚುಮದ್ದು ಒಂದೆರಡು ಯುನಿಟ್ ಹೆಚ್ಚಾದರೂ ಸಕ್ಕರೆ ಸರ್ರನೆ ಜಾರುತ್ತದೆ. ಸಾಲದ್ದಕ್ಕೆ ಜೀರ್ಣರಸವೂ ಇಲ್ಲದೆ ಊಟ ಎಷ್ಟು ಅರಗೀತು ಎಂಬುದೇ ಅನಿಶ್ಚಿತ. ಕಿಣ್ವದ ಕ್ಯಾಪ್ಸೂಲ್ ಊಟದ ಜೊತೆಗೇ ನುಂಗದಿದ್ದರೆ ಇನ್ಸುಲಿನ್ ಲೆಕ್ಕ ತಪ್ಪುತ್ತದೆ.

ಚುಚ್ಚಿದ ಇನ್ಸುಲಿನ್ ಹಿಡಿಯುವ ದಾರಿ

ಸ್ವಂತ ಇನ್ಸುಲಿನ್ ಮೊದಲು ಪಕ್ಕದ ಆಲ್ಫಾ ಕೋಶಕ್ಕೆ, ಆಮೇಲೆ ಯಕೃತ್ತಿಗೆ, ಕೊನೆಗೆ ದೇಹಕ್ಕೆ ಹೋಗುತ್ತದೆ. ಹೊಟ್ಟೆಯ ಚರ್ಮದಡಿ ಚುಚ್ಚಿದ್ದು ಮೊದಲು ಇಡೀ ದೇಹಕ್ಕೆ ಹರಡಿ, ಯಕೃತ್ತಿಗೆ ತೆಳುವಾಗಿ ತಲುಪುತ್ತದೆ. ಯಕೃತ್ತನ್ನು ಸುಮ್ಮನಾಗಿಸುವಷ್ಟು ಕೊಟ್ಟರೆ ಸ್ನಾಯುಗಳಿಗೆ ಅತಿಯಾಗುತ್ತದೆ, ಸಕ್ಕರೆ ಕುಸಿಯುತ್ತದೆ. ವೇಗದ ಇನ್ಸುಲಿನ್‌ಗಳೂ ಕೆಲಸ ಶುರುಮಾಡಲು ಹತ್ತು ಹದಿನೈದು ನಿಮಿಷ ಬೇಕು, ಪರಿಣಾಮ ಮೂರರಿಂದ ಐದು ಗಂಟೆ. ಒಂದೇ ಜಾಗಕ್ಕೆ ಪದೇ ಪದೇ ಚುಚ್ಚಿದರೆ ಅಲ್ಲಿ ಕೊಬ್ಬಿನ ಗಂಟು ಕಟ್ಟಿ, ಒಂದು ದಿನ ಹೀರಿದಂತೆ ಇನ್ನೊಂದು ದಿನ ಹೀರುವುದಿಲ್ಲ. ಡೋಸ್ ಬದಲಿಸುವ ಮೊದಲು ಆ ಜಾಗವನ್ನು ಬೆರಳಿನಿಂದ ಒತ್ತಿ ನೋಡುವುದು ಒಳ್ಳೆಯದು. ಸಿರಿಂಜಿನ ಗುರುತೂ ಬಾಟಲಿಯ ಸಾಂದ್ರತೆಯೂ ಹೊಂದಬೇಕು: ಯು-100 ಬಾಟಲಿಯಿಂದ (ಒಂದು ಮಿಲಿಲೀಟರಿಗೆ 100 ಯುನಿಟ್) ಯು-40 ಸಿರಿಂಜಿಗೆ (ಮಿಲಿಲೀಟರಿಗೆ 40 ಯುನಿಟ್ ಲೆಕ್ಕದ ಗುರುತು) 10ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 25 ಯುನಿಟ್.

ಈ ದಾರಿಯ ತೊಡಕನ್ನು ತಪ್ಪಿಸುವ ಒಂದು ಚಿಕಿತ್ಸೆ ಇದೆ. ದಾನಿಯ ಗ್ರಂಥಿಯನ್ನು ಕಿಣ್ವದಿಂದ ಸಡಿಲಗೊಳಿಸಿ, ದ್ವೀಪಗಳನ್ನಷ್ಟೇ ಬೇರ್ಪಡಿಸಿ, ರೋಗಿಯ ಪೋರ್ಟಲ್ ರಕ್ತನಾಳಕ್ಕೆ ಹರಿಯಬಿಡುತ್ತಾರೆ. ಕೆನಡಾದ ಎಡ್‌ಮಂಟನ್‌ನಲ್ಲಿ ಹೀಗೆ ಮಾಡಿಸಿಕೊಂಡ ಏಳು ಮಂದಿ ಟೈಪ್ 1 ರೋಗಿಗಳು ಇನ್ಸುಲಿನ್ ಚುಚ್ಚುವುದನ್ನು ಬಿಡುವಂತಾದರು ಎಂಬ ವರದಿ 2000ದಲ್ಲಿ ಪ್ರಕಟವಾಯಿತು. ಒಬ್ಬರಿಗೆ ಒಬ್ಬ ದಾನಿಯ ದ್ವೀಪಗಳು ಸಾಲಲಿಲ್ಲ, ಎರಡೋ ಮೂರೋ ದಾನಿಗಳು ಬೇಕಾದರು. ದೇಹ ಅವನ್ನು ತಿರಸ್ಕರಿಸದಂತೆ ಔಷಧಿ ನಿರಂತರವಾಗಿ ಬೇಕು, ಹಲವರಲ್ಲಿ ಕೆಲವು ವರ್ಷಗಳ ನಂತರ ಇನ್ಸುಲಿನ್ ಮತ್ತೆ ಶುರುಮಾಡಬೇಕಾಯಿತು. ಆ ದ್ವೀಪಗಳು ಹೋಗಿ ನೆಲೆಸುವುದು ಮೇದೋಜೀರಕ ಗ್ರಂಥಿಯಲ್ಲಲ್ಲ, ಯಕೃತ್ತಿನ ಸಣ್ಣ ರಕ್ತನಾಳಗಳಲ್ಲಿ. ಅಲ್ಲಿಂದಲೇ ಸಕ್ಕರೆಯ ಮಟ್ಟ ನೋಡಿಕೊಂಡು ಇನ್ಸುಲಿನ್ ಬಿಡುತ್ತವೆ.